ಎಡಗೈಯ ಗೆರೆ

"ಮುಖ ಬಿಡೆ, ಮುಖಾನ ಯಾರು ಬೇಕಾದ್ರೂ ಕದೀತಾರೆ. ಕಿವಿ ನೋಡು, ಕಿವಿ!"

ಭೂತಗನ್ನಡಿ ಹಿಡಿದ ತಾಯಿ ಕಾಮಿಕ್ಸ್ ಪುಸ್ತಕಕ್ಕೆ ಮೂಗು ತಾಗುವಷ್ಟು ಬಗ್ಗಿದ್ದಳು. ಆಗತಾನೇ ಕೆಲಸದಿಂದ ಬಂದ ಮಗಳು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಆ ಪುಸ್ತಕ ಅಚ್ಚಾಗುವುದು ಅವಳ ಪ್ರೆಸ್ಸಿನಲ್ಲೇ. ಅಚ್ಚಿಗೆ ಹೋಗುವ ಪಾರದರ್ಶಕ ಹಾಳೆಗಳಲ್ಲಿ ಚಿತ್ರದ ಫಿಲ್ಮು ಬೇರೆ, ಮಾತಿನ ಫಿಲ್ಮು ಬೇರೆ. ಎರಡನ್ನೂ ಜೋಡಿಸಿ ಅಚ್ಚಿಗೆ ಕಳಿಸುವುದು ಅವಳ ಕೆಲಸ. ಅಂಗಡಿಗೆ ಹೋಗುವ ಮೊದಲೇ ಒಂದು ಪ್ರತಿ ಮನೆಗೆ ಬರುತ್ತಿತ್ತು. ಚಿತ್ರ ಬರೆದವರ ಹೆಸರು ಮಾತ್ರ ಯಾವ ಸಂಚಿಕೆಯಲ್ಲೂ ಇರುತ್ತಿರಲಿಲ್ಲ.

ಕಿವಿಯಮ್ಮ ಎಂಬ ಅಡ್ಡಹೆಸರು ತಾಯಿಗೆ ಸುಮ್ಮನೆ ಬಂದದ್ದಲ್ಲ. ಹಳೆಯ ಪೋಸ್ಟರುಗಳ ಸಂಗ್ರಹಾಲಯದಲ್ಲಿ ಸಹಿಯಿಲ್ಲದ ಚಿತ್ರ ಯಾರ ಕೈಯದೆಂದು ಹೇಳುವವಳು ಅವಳು. ಒಬ್ಬ ಮುಖದ ನೆರಳಿಗೆ ನೀಲಿ ಬಳಿಯುತ್ತಾನೆ, ಇನ್ನೊಬ್ಬ ಹಸಿರು. ಮತ್ತೊಬ್ಬನ ಖಳನಾಯಕರಿಗೆ ಕತ್ತೇ ಇರುವುದಿಲ್ಲ. ಕಿವಿಯನ್ನಂತೂ ಯಾರೂ ಯೋಚಿಸಿ ಬರೆಯುವುದಿಲ್ಲ, ಕೈ ತನ್ನ ಪಾಡಿಗೆ ಎಳೆದುಬಿಡುತ್ತದೆ, ಸಿಕ್ಕಿಬೀಳುವುದು ಅಲ್ಲೇ. ಮೊನ್ನೆ ಒಂದು ಪೋಸ್ಟರ್ ಬಿಚ್ಚಿದವಳೇ ನಕ್ಕುಬಿಟ್ಟಿದ್ದಳು. "ಅಯ್ಯೋ, ನಾಯಕನ ಜೇಬು ಬಲಗಡೆ ಇದೆಯಲ್ರೀ! ಪ್ರೆಸ್ಸಿನೋರು ಫಿಲ್ಮು ಬೋರಲು ಹಾಕಿ ಚಿತ್ರಾನೇ ತಿರುವಿಬಿಟ್ಟಿದಾರೆ."

ಅವಳ ತಮ್ಮನೂ ಪೋಸ್ಟರ್ ಬರೆಯುತ್ತಿದ್ದ, ಕಾಮಿಕ್ಸನ್ನೂ ಬರೆಯುತ್ತಿದ್ದ. ಎಡಚ. ಹೋದ ವರ್ಷ ಹೊಳೆಯಾಚೆ ಒಂದು ಗೋಡೆಗೆ ಜಾಹೀರಾತು ಬರೆಯಲು ಹೊರಟ, ದೋಣಿ ಮಗುಚಿತು. ಉಳಿದವರೆಲ್ಲ ಸಿಕ್ಕರು, ಬದುಕಿಯೋ ಸತ್ತೋ. ಅವನೊಬ್ಬ ಸಿಗಲಿಲ್ಲ. ಅವತ್ತು ಗೋಡೆಗೆ ಮುಖ ಮಾಡಿ ಮಲಗಿದ ಕಿವಿಯಮ್ಮ ಏಳಲೇ ಇಲ್ಲ. ತುತ್ತು ಹತ್ತಿರ ತಂದರೆ ಹಲ್ಲು ಕಚ್ಚಿಬಿಡುತ್ತಿದ್ದಳು. ಹೀಗೇ ಆದರೆ ಕೈಬಿಟ್ಟು ಹೋಗುತ್ತಾರೆ ಎಂದು ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಆಗ ಬಂತು ಈ ಕಾಮಿಕ್ಸಿನ ಮೊದಲ ಸಂಚಿಕೆ. ದಿಂಬಿನ ಪಕ್ಕ ತೆರೆದು ಬಿದ್ದಿದ್ದ ಪುಟದ ಮೇಲೆ ಅವಳ ಕಣ್ಣು ಹೋಯಿತು. ನೆರಳಿನ ಗೆರೆಗಳೆಲ್ಲ ಎಡಕ್ಕೆ ವಾಲಿದ್ದವು. ಬಲಗೈಯವರು ಎಳೆದರೆ ಬಲಕ್ಕೆ ವಾಲುತ್ತವೆ. ಕಿವಿಯೋ, ತಮ್ಮನದೇ ಕಿವಿ. ಕಿವಿಯಮ್ಮ ಎದ್ದು ಕೂತಳು.

"ಹಸಿವಾಗ್ತಿದೆ ಕಣೆ."

ಮಗಳು ಅಡುಗೆಮನೆಗೆ ಓಡಿದಳು. ಅಲ್ಲಿ ಅವಳು ಬಿಕ್ಕಿ ಬಿಕ್ಕಿ ಅತ್ತದ್ದು ಹಾಸಿಗೆಯ ತನಕ ಕೇಳಿಸಿತು. ಪಾಪ, ಮಾಮ ಸಿಕ್ಕ ಸಂತೋಷಕ್ಕೆ ಎಂದುಕೊಂಡಳು ತಾಯಿ.

ಬರೆದವರು ಹೆಸರು ಬೇಡ ಅಂದಿದ್ದಾರೆ ಎಂದು ಪ್ರಕಾಶಕ ಜಾರಿಕೊಂಡಿದ್ದ. ಇರಲಿ. ಯಾವ ಕೋಪಕ್ಕೋ ಯಾವ ನಾಚಿಕೆಗೋ ಎಲ್ಲೋ ಅಡಗಿದ್ದಾನೆ, ಬದುಕಿದ್ದಾನಲ್ಲ. ಆ ಒಂದು ನಂಬಿಕೆಯ ಮೇಲೆ ಕಿವಿಯಮ್ಮ ಉಂಡಳು, ಕೆಲಸಕ್ಕೆ ಹೋದಳು, ನಕ್ಕಳು.

"ಗಡಿಯಾರ ನೋಡು, ಬಲಗೈಲಿದೆ," ಎಂದಳು ಈಗ. "ಎಡಚರು ಕಟ್ಟೋದೇ ಹಾಗೆ. ಜೇಬೂ ಬಲಕ್ಕೆ! ತನ್ನನ್ನೇ ಬರ್ಕೊಂಡಿದಾನೆ, ಕಳ್ಳ. ಮತ್ತೆ ಈ ಕುದುರೆ! ಹೋದ ಸಲ ಕಾಲು ಸೊಟ್ಟ ಅಂತ ಬೈದಿದ್ನಲ್ಲ, ಈ ಸಲ ಸರಿ ಮಾಡಿದಾನೆ. ನಾನು ಬೈದಿದ್ದು ಕೇಳಿಸಿದ ಹಾಗೆ!"

"ಕೇಳಿಸಿರಬೇಕು ಬಿಡು."

"ಈ ಸುರುಳಿ ಹುಲ್ಲೊಂದು ಹೊಸದು. ಮೊದ್ಲು ಹೀಗೆ ಬರೀತಿರ್ಲಿಲ್ಲ."

"ಹುಲ್ಲನ್ನ ಚೆನ್ನಾಗಿ ನೋಡಮ್ಮ."

"ನೋಡಿದೀನಿ ಬಿಡೆ, ನಂಗೇ ಹೇಳ್ಕೊಡ್ತಾಳೆ! ಥೂ, ಬೆರಳೆಲ್ಲ ಮಸಿ. ಮೊದ್ಲು ಕೈ ತೊಳ್ಕೋ."

ಮಗಳು ತನ್ನ ಬಲಗೈ ನೋಡಿಕೊಂಡಳು. ಚಿಕ್ಕವಳಿದ್ದಾಗ ಮಾಮನ ಪಕ್ಕ ಕೂತು ಅವನ ಪುಟಗಳನ್ನೇ ನೋಡಿ ನೋಡಿ ಗೀಚುತ್ತಿದ್ದ ಕೈ. ನಿನಗೆ ಗೆರೆ ಒಲಿಯಲ್ಲ, ಸುಮ್ಮನೆ ಕಾಗದ ದಂಡ ಎಂದು ಖಡಾಖಂಡಿತ ಹೇಳಿ ಪ್ರೆಸ್ಸಿಗೆ ಸೇರಿಸಿದವಳು ತಾಯಿಯೇ.

"ಇದನ್ನ ಬರೆದೋರು ಅಂದ್ರೆ ನಿಂಗೆ ತುಂಬಾ ಪ್ರೀತಿ ಅಲ್ವೇನಮ್ಮ?"

"ಪ್ರಾಣಾನೇ ಇಟ್ಕೊಂಡಿದೀನಿ."

"ಅಷ್ಟು ಸಾಕು," ಎಂದು ಮಗಳು ಕೈ ತೊಳೆಯಲು ಹೋದಳು.

ಸಂಗ್ರಹಾಲಯದಲ್ಲಿ ಚಿತ್ರಕಾರರ ಶೈಲಿಗಳ ಪ್ರದರ್ಶನ ಏರ್ಪಾಡಾಯಿತು. ಮಾತಾಡಬೇಕಾದವಳು ಕಿವಿಯಮ್ಮ. ಹೆಸರಿಲ್ಲದ ಆ ಕಲಾವಿದ ತನ್ನ ತಮ್ಮ ಎಂದು ಎಲ್ಲರೆದುರು ಸಾರಿಬಿಡುವುದೆಂದು ನಿರ್ಧರಿಸಿದ್ದಳು.

"ಅಷ್ಟು ಜನರ ಮುಂದೆ ಹೇಳ್ಲೇಬೇಕೇನಮ್ಮ?" ಮಗಳ ಮುಖ ಸಣ್ಣಗಾಗಿತ್ತು.

"ಹೇಳ್ಲೇಬೇಕು. ಪೇಪರಲ್ಲಿ ಬರುತ್ತೆ, ಅವನು ನೋಡ್ತಾನೆ, ಮನೆಗೆ ಬರ್ತಾನೆ. ನೀನು ಹೊರಗಿರು, ಸೀರೆ ಉಟ್ಕೊಂಡು ಬಂದೆ."

ಉಟ್ಟಾಯಿತು. ನಿಲುವುಗನ್ನಡಿಯ ಮುಂದೆ ನಿಂತು, ಕಾಮಿಕ್ಸಿನ ಆ ಕುದುರೆಯ ಪುಟ ತೆರೆದು ಜನರಿಗೆ ತೋರಿಸುವ ಹಾಗೆ ಎದೆಗೆ ಹಿಡಿದು, ಗಂಟಲು ಸರಿಮಾಡಿಕೊಂಡಳು.

"ಇದು ನನ್ನ ತಮ್ಮನ..."

ಕನ್ನಡಿಯೊಳಗಿನ ನಾಯಕ ಗಡಿಯಾರವನ್ನು ಎಡಗೈಗೆ ಕಟ್ಟಿದ್ದ. ಜೇಬು ಎಲ್ಲರ ಅಂಗಿಯ ಹಾಗೆ ಎಡಕ್ಕೆ ಬಂದಿತ್ತು. ನೆರಳಿನ ಗೆರೆಗಳು, ಒಂದೂ ಬಿಡದೆ, ಬಲಕ್ಕೆ ವಾಲಿದ್ದವು.

ಬೋರಲು ಫಿಲ್ಮು. ಕಂಡವರ ಪೋಸ್ಟರಿನಲ್ಲಿ ಥಟ್ಟನೆ ಕಂಡದ್ದು ತನ್ನ ಮನೆಯ ಪುಟದಲ್ಲಿ ಕಾಣದೇ ಹೋಯಿತಲ್ಲ! ಇದು ಎಡಗೈಯಲ್ಲ. ತಮ್ಮನಲ್ಲ. ಅವನು ಇಲ್ಲ, ಆ ದಿನದಿಂದಲೇ ಇಲ್ಲ. ದೋಣಿ ಇನ್ನೊಮ್ಮೆ ಮಗುಚಿತು. ಕಿವಿಯಮ್ಮ ಒಂದು ಕೈಯಿಂದ ಕನ್ನಡಿಯ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮಾ, ಹೊತ್ತಾಯ್ತು. ಬರ್ತೀಯಾ?" ಬಾಗಿಲಾಚೆಯಿಂದ ಮಗಳ ದನಿ.

ಕಿವಿಯಮ್ಮನ ಮಂಜಾದ ಕಣ್ಣು ಪುಟದ ತಳಕ್ಕೆ, ಕುದುರೆಯ ಕಾಲಡಿಯ ಸುರುಳಿ ಹುಲ್ಲಿಗೆ ಇಳಿಯಿತು. ಕನ್ನಡಿಯಲ್ಲಿ ಆ ಸುರುಳಿಗಳು ಒಂದರ ಪಕ್ಕ ಒಂದು ಕೂಡಿಕೊಂಡು ದುಂಡಗಿನ ಅಕ್ಷರಗಳಾಗಿದ್ದವು. ಒಂದು ಕಾಲಕ್ಕೆ ತಾನೇ ಪುಟ್ಟ ಕೈ ಹಿಡಿದು ತಿದ್ದಿಸಿದ್ದ ಅಕ್ಷರಗಳು.

ಅಮ್ಮಾ, ನಾನಿದೀನಲ್ಲ.