ಹಿತ್ತಾಳೆಯ ಕವೆ

ಬಲೆಯ ಮಡಿಕೆಯಲ್ಲಿ ಸಿಕ್ಕಿಕೊಂಡು ದಡದವರೆಗೂ ಬಂದುಬಿಟ್ಟಿದ್ದ ಆ ಒಂದು ಏಡಿಯನ್ನು ಮೇಡಂ ಎತ್ತಿಕೊಂಡಾಗ ಮೊದಲಿಗ ತನ್ನ ದೋಣಿಯ ಕಡೆ ತಿರುಗಿ ನೋಡಿದ. ಅದು ಸಣ್ಣದು. ನೀರಿನ ಮೇಲೇ ಅಳೆದು, ವಾಪಸ್ ಎಸೆದೆ ಅಂದುಕೊಂಡಿದ್ದ ಏಡಿ. ಸಣ್ಣ ಏಡಿ ದಡಕ್ಕೆ ತಂದವನ ದೋಣಿಯನ್ನು ಒಂದು ವಾರ ಕಟ್ಟಿಹಾಕುತ್ತಾರೆ.

ಮೇಡಂ ಎಂದರೆ ಮೀನುಗಾರಿಕೆ ಆಫೀಸಿಗೆ ಈ ವರ್ಷ ಬಂದ ಹೊಸ ಅಧಿಕಾರಿ. ಏಡಿಯ ಬೆನ್ನಿನ ಮೇಲೆ ಅಗಲ ಅಳೆಯುವ ತನ್ನ ಉಕ್ಕಿನ ಕವೆಯನ್ನು ಇಟ್ಟಳು. ಕವೆಯ ಎರಡು ಕಾಲುಗಳು ಚಿಪ್ಪಿನ ಮೇಲೇ ಕೂತವು, ಕೆಳಗಿಳಿಯಲಿಲ್ಲ.

"ಸರಿಯಾಗಿದೆ ಯಜಮಾನ್ರೇ. ಬುಟ್ಟಿಗೆ ಹಾಕಿ."

ಬೇರೆ ಯಾರಾದರೂ ಆಗಿದ್ದರೆ ಬದುಕಿದೆ ಎಂದು ಮನೆಗೆ ಹೋಗುತ್ತಿದ್ದರು. ಮೊದಲಿಗ ಆ ಜಾತಿಯವನಲ್ಲ. ಮರೆಗೆ ಹೋಗಿ ಅದೇ ಏಡಿಗೆ ತನ್ನ ಹಿತ್ತಾಳೆಯ ಕವೆ ಹಿಡಿದು ನೋಡಿದ. ಏಡಿ ಎರಡು ಕಾಲಿನ ನಡುವೆ ಸಲೀಸಾಗಿ ಇಳಿಯಿತು. ಇನ್ನೊಂದು ಅಕ್ಕಿ ಕಾಳಿಗೆ ಜಾಗವೂ ಉಳಿಯಿತು.

ಅಂದರೆ ಮೋಸ.

ಕವೆಯನ್ನು ದೋಣಿಗೊಂದರಂತೆ ಕೊಡುವುದು ಆಫೀಸು. ಅದರೊಳಗೆ ಇಳಿದ ಏಡಿ ಸಣ್ಣದು, ಮತ್ತೆ ನೀರಿಗೆ. ಇಳಿಯದ್ದು ಬುಟ್ಟಿಗೆ. ಇಪ್ಪತ್ತು ವಾರದ ಹಂಗಾಮಿನಲ್ಲಿ ಒಂದೊಂದು ದೋಣಿಗೆ ಇಷ್ಟು ಬುಟ್ಟಿ ಎಂದು ಪಾಲು. ಪಾಲು ತುಂಬಿದ ದಿನ ದೋಣಿ ದಡ ಹತ್ತಬೇಕು. ಹಂಗಾಮು ಮುಗಿದರೂ ತುಂಬದಿದ್ದರೆ, ಕಡಿಮೆ ಬಿದ್ದಷ್ಟನ್ನು ಮುಂದಿನ ವರ್ಷದ ಪಾಲಿನಿಂದ ಕತ್ತರಿಸುತ್ತಾರೆ.

ಪ್ರತಿ ವರ್ಷ ಪಾಲು ಮೊದಲು ತುಂಬಿಸುತ್ತಿದ್ದದ್ದು ಇವನೇ. ಹೆಸರು ಬಂದದ್ದೂ ಹಾಗೆ. ಹೋದ ವರ್ಷವಂತೂ ಎಂಟೇ ವಾರ. ಮಿಕ್ಕ ದಿನ ಅವನೇನು ಕಾಲು ಚಾಚಿ ಮಲಗಿರಲಿಲ್ಲ. ಮನೆಗೆ ಒಂದು ಶಿಸ್ತು ತಂದ. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದ. ಈರುಳ್ಳಿ ಹೇಗೆ ಹೆಚ್ಚಬೇಕೆಂದು ಹೆಂಡತಿಗೆ ತೋರಿಸಿಕೊಟ್ಟ. ಹಾಲು ಉಕ್ಕುವುದಕ್ಕೆ ಎಷ್ಟು ನಿಮಿಷ ಬೇಕೆಂದು ಗಡಿಯಾರ ಹಿಡಿದು ಒಲೆಯ ಪಕ್ಕ ನಿಂತ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಪಾಪ, ಅಷ್ಟು ವರ್ಷ ಅವಳಿಗೆ ಹೇಳಿಕೊಡುವವರೇ ಇರಲಿಲ್ಲ. ಅವನನ್ನು ನೋಡಿ ಬೀದಿಯ ಬೇರೆ ಗಂಡಸರೂ ಕಲಿತರು.

ಈ ವರ್ಷ ಮಾತ್ರ ಹಂಗಾಮಿಗೆ ಆರೇ ದಿನ ಉಳಿದಿದ್ದರೂ ಪಾಲು ತುಂಬಿಲ್ಲ. ಯಾರದ್ದೂ ತುಂಬಿಲ್ಲ. ಸಮುದ್ರ ಬರಿದಾಗಿದೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಅವನು ಬುಸುಗುಡುತ್ತ ಮನೆಗೆ ಬಂದಾಗ ಹೆಂಡತಿ ಹಿತ್ತಲಲ್ಲಿ ಕೂತು ಮೀನಿನ ಚೂರಿಗೆ ಅರ ಉಜ್ಜುತ್ತಿದ್ದಳು.

"ರೀ, ಇನ್ನೆಷ್ಟು ಬುಟ್ಟಿ ಉಳೀತು?" ಇದು ಅವಳ ದಿನದ ಪ್ರಶ್ನೆ. ಸಂಸಾರದ ಚಿಂತೆ.

"ಹನ್ನೆರಡು."

ಅವಳು ಬೆರಳು ಮಡಿಸಿದಳು. "ದಿನಕ್ಕೆ ಎರಡು. ಆರು ದಿನ. ಆಗುತ್ತೆ ಬಿಡಿ."

"ಏನಾಗುತ್ತೆ ನಿನ್ ತಲೆ! ಒಂದಿನ ಗಾಳಿ ಎದ್ರೆ ಹೋಯ್ತು. ಬೇಕಂತ್ಲೇ ಅಗಲದ ಕವೆ ಕೊಟ್ಟಿದಾಳೆ ಕಣೇ ಆ ಮೇಡಂ! ಪಾಲು ತುಂಬಬಾರ್ದು, ಮುಂದಿನ್ ವರ್ಷ ಕತ್ತರಿಸ್ಬೇಕು, ಅದೇ ಅವಳ ಪ್ಲಾನು."

ಅರದ ಸದ್ದು ನಿಂತಿತು.

"ಆ ಹುಡುಗಿ ಅಂಥವಳಲ್ಲ ರೀ."

"ನಿಂಗೇನ್ ಗೊತ್ತಾಗುತ್ತೆ? ಶನಿವಾರ ಶನಿವಾರ ಬೂದಿ ಹಾಕಿ ಫಳಫಳ ಅನ್ಸಿ ಕೊಡ್ತಿದ್ಯಲ್ಲ, ಮೋಸದ ಕವೆ ಅದು!"

ಅದು ನಿಜ. ಶನಿವಾರ ಬಂದರೆ ಬೀದಿಯ ಏಳೂ ದೋಣಿಯವರ ಹೆಂಡಂದಿರು ತಮ್ಮ ತಮ್ಮ ಕವೆ ಹಿಡಿದು ಇದೇ ಹಿತ್ತಲಿಗೆ ಬರುತ್ತಿದ್ದರು. ಮಧ್ಯಾಹ್ನವೆಲ್ಲ ಉಜ್ಜುವ ಸದ್ದು, ನಗು. ತಾನು ಕಲಿಸಿದ ಶಿಸ್ತು ಬೀದಿಗೆಲ್ಲ ಹರಡಿತಲ್ಲ ಎಂದು ಮೊದಲಿಗ ಒಳಗೊಳಗೇ ಬೀಗಿದ್ದ.

ಮರುದಿನ ಬೆಳಿಗ್ಗೆ ಏಳೂ ದೋಣಿಯ ಗಂಡಸರು ಆಫೀಸಿಗೆ ನುಗ್ಗಿದರು. ಮೇಜಿನ ಮೇಲೆ ಏಳು ಕವೆ ಬಿದ್ದವು. ಮೇಡಂ ಒಂದೊಂದನ್ನೂ ತನ್ನ ಉಕ್ಕಿನ ಕವೆಗೆ ಹೋಲಿಸಿ ನೋಡಿದಳು. ಏಳೂ ಅಗಲ. ಇನ್ನೊಮ್ಮೆ ಹಿಡಿದು ನೋಡಿದಳು.

"ಕೊಡೋವಾಗ ಸರಿಯಾಗೇ ಇದ್ವು. ನಾನೇ ಅಳೆದು ಕೊಟ್ಟಿದ್ದು."

"ಹಾಗಾದ್ರೆ ಹಿತ್ತಾಳೆ ಬಾಯಿ ಆಕಳಿಸ್ತಾ ಮೇಡಂ?" ಎಂದ ಮೊದಲಿಗ. ಹಿಂದಿದ್ದವರು ಹೋ ಎಂದರು. "ನಮ್ ಪಾಲು ಕತ್ತರಿಸೋಕೆ ಬಂದ್ರೆ ನಾವು ನಿಮ್ ಸೀಟು ಕತ್ತರಿಸ್ತೀವಿ. ದೊಡ್ಡ ಸಾಹೇಬ್ರಿಗೆ ಈಗ್ಲೇ ಫೋನ್ ಹಾಕ್ತೀನಿ."

ನಂಬರ್ ಒತ್ತಲು ಕನ್ನಡಕ ಹುಡುಕುತ್ತಿದ್ದಾಗ ಬಾಗಿಲಲ್ಲಿ ಬಳೆಯ ಸದ್ದಾಯಿತು. ಅವನ ಹೆಂಡತಿ. ಅವಳ ಬೆನ್ನಿಗೆ ಇನ್ನೂ ಆರು ಜನ. ಅವಳು ಸೀದಾ ಬಂದು, ಕವೆಗಳ ಪಕ್ಕದಲ್ಲಿ ತನ್ನ ಅರವನ್ನು ಇಟ್ಟಳು. ಅದರ ಹಲ್ಲುಗಳ ಸಂದಿಯಲ್ಲಿ ಹಳದಿ ಪುಡಿ ಮಿನುಗುತ್ತಿತ್ತು. ಮೀನಿನ ಚೂರಿಯಿಂದ ಹಳದಿ ಪುಡಿ ಉದುರುವುದಿಲ್ಲ.

"ರೀ, ಫೋನ್ ಜೇಬಿಗೆ ಹಾಕಿ. ಮೇಡಂದು ಏನೂ ತಪ್ಪಿಲ್ಲ. ನಿಮ್ ಪಾಲಿಗೂ ಏನೂ ಆಗಲ್ಲ, ಕೊನೇ ದಿನಕ್ಕೆ ಸರಿಯಾಗಿ ತುಂಬೋ ಹಾಗೇ ನೋಡ್ಕೊಂಡು ಉಜ್ಜಿದೀವಿ. ಗಾಳಿಗೆ ಅಂತ ಒಂದ್ ದಿನ ಬಿಟ್ಟಿರ್ಲಿಲ್ಲ, ಅದೊಂದು ನಮ್ ತಪ್ಪು."

ಮೊದಲಿಗ ಫೋನ್ ಜೇಬಿಗೆ ಹಾಕಿದ.

"ಯಾಕಮ್ಮಾ ಹೀಗ್ ಮಾಡಿದ್ರಿ?" ಎಂದಳು ಮೇಡಂ.

ಏಳು ಹೆಂಗಸರೂ ಒಮ್ಮೆ ತಂತಮ್ಮ ಗಂಡಂದಿರನ್ನು ನೋಡಿದರು.

"ಹೋದ ವರ್ಷ ಇವರ ಪಾಲು ಎಂಟೇ ವಾರಕ್ಕೆ ತುಂಬಿಬಿಡ್ತು ಮೇಡಂ," ಎಂದಳು ಮೊದಲಿಗನ ಹೆಂಡತಿ. "ಉಳಿದ ಹನ್ನೆರಡು ವಾರ ಇವರು ಮನೇಲೇ ಇದ್ರು."