ಪಟದೊಳಗಿನ ಸವತಿ

ಸರುಬಾಯಿ ಕೊನೆಗೂ ಆ ಪಟವನ್ನು ಗೋಡೆಯಿಂದ ಕಿತ್ತಳು. ಇವತ್ತು ಅದು ಒಲೆಗೆ.

ಮದುವೆಯಾಗಿ ಮಿರಜಿನ ಈ ಮನೆ ಹೊಕ್ಕಾಗಿನಿಂದ ಅವಳ ಹೊಟ್ಟೆ ಉರಿಸಿದ್ದು ಅದೇ. ಬಿಳಿ ಮುಖದ ಜಪಾನಿ ಹೆಂಗಸು, ತೋಳಿನ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದವಳು. ಗಂಡ ಮಹಾಲಿಂಗಪ್ಪ ಅರಿಶಿನದ ಪೇಟೆಯಿಂದ ಬಂದವನೇ ಮೊದಲು ಅವಳನ್ನು ನೋಡುತ್ತಿದ್ದ. ಹೆಂಡತಿಯನ್ನು ಒಮ್ಮೆಯಾದರೂ ಹಾಗೆ ನೋಡಿದವನಲ್ಲ. ಇದು ಯಾರ ನೆನಪಿಗೆ ಎಂದು ಜಗಳ ತೆಗೆದರೆ ಒಂದೇ ಉತ್ತರ.

"ನಿನ್ನ ಆಣಿ, ನನ್ನ ಮನಸ್ಸಿನ್ಯಾಗ ಒಂದ ಹೆಂಗಸೂ ಇಲ್ಲ."

ಅವಳು ನಂಬಲಿಲ್ಲ. ಹೇಳಿಕೊಂಡು ಅಳಲು ಇದ್ದವನು ಗಂಡನ ಗೆಳೆಯ ಧನಪಾಲ ಒಬ್ಬನೇ. ಮದುವೆಯಾಗದ ಒಂಟಿ ಜೀವ, ಸಾಂಗ್ಲಿಯಿಂದ ವಾರವಾರ ಬರುತ್ತಿದ್ದ. ಅವಳು ಅತ್ತರೆ ಅವನ ಕಣ್ಣೂ ತುಂಬುತ್ತಿತ್ತು. ಎಂಥ ಕರುಳು ಎಂದುಕೊಳ್ಳುತ್ತಿದ್ದಳು.

ಈಗ ಮಹಾಲಿಂಗಪ್ಪನಿಗೆ ಲಕ್ವಾ ಹೊಡೆದು ಮಾತು ನಿಂತಿದೆ, ಒಂದು ಕೈಯಷ್ಟೇ ಅಲುಗುತ್ತದೆ. ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು ಡಾಕ್ಟರು. ಈ ಮನುಷ್ಯ ತನ್ನವನಾಗಿದ್ದನೋ ಇಲ್ಲವೋ ಎಂಬುದು ತಿಳಿಯದೆಯೇ ಅವನನ್ನು ಕಳಿಸಿಕೊಡಬೇಕಲ್ಲ ಎಂಬ ಸಂಕಟ ಅವಳಿಗೆ.

"ಥಾಂಬಾ ಆಜಿ, ನಿಲ್ರಿ!" ಚಿತ್ರಕಲೆ ಓದುವ ಪಕ್ಕದ ಮನೆಯ ಯೋಗಿತಾ ಒಲೆಯ ಮುಂದೆ ಅವಳ ಕೈ ಹಿಡಿದಳು. "ಇದು ಜಪಾನದ ಮರದ ಅಚ್ಚಿನ ಚಿತ್ರ. ಇವ ಗಂಡಸ್ರಿ, ಕಾಬುಕಿ ನಾಟಕದ ನಟ. ಅಲ್ಲೆ ಹೆಂಗಸರ ಪಾರ್ಟ ಗಂಡಸರ ಮಾಡತಾರ. ಹಣಿ ಮ್ಯಾಲೆ ನೇರಳಿ ಬಟ್ಟಿ ನೋಡ್ರಿ, ಬೋಳಿಸಿದ ತಲಿ ಮುಚ್ಚಾಕ."

ಸರುಬಾಯಿಗೆ ನಗು ಬಂತು, ಬೆನ್ನಿಗೇ ಅಳು. ಹಾಗಾದರೆ ಯಾವ ಹೆಂಗಸೂ ಇರಲಿಲ್ಲ! ಒಂದು ಕಾಗದದ ಮೇಲೆ ಹೊಟ್ಟೆಕಿಚ್ಚುಪಟ್ಟು ಸಂಸಾರವನ್ನೆಲ್ಲ ಹಾಳು ಮಾಡಿಕೊಂಡಿದ್ದಳು.

ಒಳಗೆ ಓಡಿದಳು. ಧನಪಾಲ ಮಂಚದ ಪಕ್ಕ ಕೂತು ಗೆಳೆಯನಿಗೆ ಗಂಜಿ ಕುಡಿಸುತ್ತಿದ್ದ. ಅವಳು ಗಂಡನ ಕೈ ಹಿಡಿದುಕೊಂಡಳು.

"ಮಾಫ ಮಾಡ್ರಿ. ಸುಮ್ಮಸುಮ್ಮಕ ನಿಮ್ಮನ್ನ ಕಾಡಿದೆ. ಪಟದಾಗ ಇರಾವ ಗಂಡಸಂತ!"

ಮಹಾಲಿಂಗಪ್ಪನ ಕಣ್ಣಲ್ಲಿ ನೀರಿಳಿಯಿತು. ಅಲುಗುತ್ತಿದ್ದ ಆ ಒಂದೇ ಕೈ ಮೆಲ್ಲಗೆ ಅವಳಿಂದ ಬಿಡಿಸಿಕೊಂಡು ಧನಪಾಲನ ಬೆರಳುಗಳನ್ನು ಹುಡುಕಿ ಹಿಡಿಯಿತು.

"ನೀವ ನನಗ ಮಾಫ ಮಾಡ್ರಿ, ವೈನಿ," ಧನಪಾಲ ತಲೆ ಎತ್ತಲಿಲ್ಲ. "ನಾ ನಾಟಕದಾಗ ಸೀರಿ ಉಟ್ಟು ದ್ರೌಪದಿ ಪಾರ್ಟ ಮಾಡಿದ ವರ್ಷ ಇವ ತಂದ ಪಟ ಅದು."

ಇಷ್ಟು ವರ್ಷ ಅವಳು ಸವತಿಯನ್ನೇ ಎದುರಿಗೆ ಕೂರಿಸಿಕೊಂಡು, ಚಹಾ ಕೊಟ್ಟು, ಸವತಿಯ ಸಂಕಟ ಹೇಳಿಕೊಂಡಿದ್ದಳು.