ಮದಲೂರಿನಿಂದ ಬಂದ ತಿದ್ದುಪಡಿ

ಮತ್ತೊಂದು ಚೀಟಿ ಬಂದಿತ್ತು. ಸಣ್ಣಕ್ಕ ಅದನ್ನು ಓದುವ ಮೊದಲೇ ಕೈಯಲ್ಲಿದ್ದ, ಮೊಳೆ ಜೋಡಿಸುವ ಸ್ಟಿಕ್ಕನ್ನು ಮೇಜಿನ ಮೇಲೆ ಕುಕ್ಕಿದಳು. ಜೋಡಿಸಿದ್ದ ಅಚ್ಚುಮೊಳೆಗಳು ಒಂದಿಷ್ಟು ಉರುಳಿದವು.

"ಮೊಳೆ ಮೇಲೆ ಯಾಕಮ್ಮ ಸಿಟ್ಟು?" ಎಂದರು ಪ್ರೆಸ್ಸಿನ ಯಜಮಾನರು ಜಯರಾಮಯ್ಯ. "ಈ ಕಾರ್ಡು ನಾನೇ ಜೋಡಿಸ್ತೀನಿ, ಬೇರೆಯೋರು ಮುಟ್ಟಬಾರದು ಅಂತ ಹಟ ಹಿಡಿದೋಳು ನೀನೇ."

"ಗಂಡಿನ ಕಡೆಯೋರು ದಿನಕ್ಕೊಂದು ಬದಲಾವಣೆ ಕಳಿಸ್ತಾರೆ ಅಂತ ಆಗ ಗೊತ್ತಿರ್ಲಿಲ್ಲ ಸಾರ್."

ಶಾಲೆಯಲ್ಲಿ ಬರೆಸಿದ ಹೆಸರು ಏನೇ ಇರಲಿ, ಮಧುಗಿರಿಯ ಆ ಓಣಿಯಲ್ಲಿ ಅವಳು ಎಲ್ಲರಿಗೂ ಸಣ್ಣಕ್ಕ. ತಲೆಕೆಳಗಾದ ಅಕ್ಷರವನ್ನು ಗಂಡಸರಿಗಿಂತ ಬೇಗ ಓದುತ್ತಿದ್ದಳು. ಹೋದ ವರ್ಷ ಒಂದು ನಾಮಕರಣದ ಕಾರ್ಡಿನಲ್ಲಿ ಯಾರೋ ಬಂದು ತಾರೀಕು ತಿದ್ದಿಸಿಹೋದರು. ನೆಂಟರೆಲ್ಲ ಊಟ ಮುಗಿದ ಮಾರನೇ ದಿನ ಬಂದಿಳಿದರು. ತಿದ್ದಿಸಿದ್ದು ಯಾರು ಅಂತ ಕೇಳಿದರೆ ಎಲ್ಲರೂ ತೋರಿಸಿದ್ದು ಮೊಳೆ ಜೋಡಿಸಿದವಳನ್ನು. ಅಂದಿನಿಂದ ಅವಳದೊಂದು ಕಾಯಿದೆ. ಪ್ರೂಫಿನಲ್ಲಿ ಒಂದು ಕೊಂಬು ಬದಲಾಗಬೇಕಾದರೂ ಚೀಟಿ ಬರಬೇಕು. ಚೀಟಿಯಲ್ಲಿ ಏನು ಬದಲು, ಯಾರು ಹೇಳಿದ್ದು, ಯಾಕೆ, ಯಾರ ಒಪ್ಪಿಗೆ ಎಂಬುದು ಅದೇ ಕ್ರಮದಲ್ಲಿ ಇರಬೇಕು. ಒಂದು ಇಲ್ಲದಿದ್ದರೂ ವಾಪಸ್ಸು. ಬಂದ ಚೀಟಿಗಳನ್ನೆಲ್ಲ ತಂತಿಗೆ ಪೋಣಿಸಿಡುತ್ತಿದ್ದಳು. ಬದಲಾವಣೆ ಬೇಡವೆಂದರೆ ಹಿಂದಿನ ಪ್ರೂಫಿಗೆ ಹಾಗೇ ಮರಳಬಹುದಿತ್ತು.

"ತಾಲ್ಲೂಕಾಫೀಸಿಗೆ ಅಮಲ್ದಾರಳಾಗಿ ಹೋಗ್ಬೇಕಿತ್ತು ನೀನು," ಅಂತ ಜಯರಾಮಯ್ಯ ನಗುತ್ತಿದ್ದರು. ಆದರೆ ಕಾಯಿದೆ ಮುರಿಯುತ್ತಿರಲಿಲ್ಲ.

ಈ ಕಾರ್ಡು ದೊಡ್ಡೇರಿಯ ಕದಿರಯ್ಯನ ಮಗಳ ಮದುವೆಯದು. ಗಂಡು ಮದಲೂರಿನ ಸಣ್ಣರಂಗಯ್ಯನ ಕಿರಿಮಗ ರಂಗಧಾಮ, ಸ್ಕೂಲು ಮೇಷ್ಟ್ರು. ಮೊದಲ ದಿನ ಆ ಹೆಸರನ್ನು ಜೋಡಿಸಲು ಸಣ್ಣಕ್ಕ ಒಂದು ಮಧ್ಯಾಹ್ನವನ್ನೇ ತೆಗೆದುಕೊಂಡಿದ್ದಳು. ಅಂಚು ಸವೆದ ಮೊಳೆ ಒಂದೂ ಬರಬಾರದೆಂದು ಮೊಳೆ ಇಡುವ ಕೇಸಿನ ಮನೆಗಳನ್ನೆಲ್ಲ ತಡಕಾಡಿದ್ದಳು. ಜಯರಾಮಯ್ಯನವರೂ ಬೇರೆ ಗಿರಾಕಿಗೆ ಕೊಡದೆ ಎತ್ತಿಟ್ಟಿದ್ದ ಚಿನ್ನದಂಚಿನ ಕಾರ್ಡು ಹೊರಗೆ ತೆಗೆದಿದ್ದರು.

ಆಮೇಲೆ ಶಿರಾ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿಗಳು ಬರತೊಡಗಿದವು. ಮದುವೆ ಹೆಣ್ಣಿನ ಮನೆಯಲ್ಲಲ್ಲ, ಗಂಡಿನ ಮನೆಯಲ್ಲಿ. ಯಾಕೆ: ನಮ್ಮ ನೆಂಟರು ದೊಡ್ಡವರು. ಹೆಣ್ಣಿನ ಸೋದರಮಾವಂದಿರ ಹೆಸರು ತೆಗೆಯಿರಿ. ಯಾಕೆ: ಜಾಗ ಸಾಲದು. ಪ್ರತಿ ಚೀಟಿಯ ಕೊನೆಗೂ ಕದಿರಯ್ಯನ ಒಪ್ಪಿಗೆ. ಇಡೀ ಕಾರ್ಡಿನಲ್ಲಿ ಯಾರೂ ಕೈಹಾಕದೆ ಉಳಿದದ್ದು ಹುಡುಗಿಯ ಹೆಸರಿನ ಸಾಲು ಮಾತ್ರ.

ಇವತ್ತಿನ ಚೀಟಿಯನ್ನು ಕದಿರಯ್ಯನೇ ಬಸ್‌ಸ್ಟ್ಯಾಂಡಿನಿಂದ ಇಸಕೊಂಡು ತಂದಿದ್ದ. ತಂದವನು ಒಳಗೆ ಬರಲಿಲ್ಲ. ಹೊಸ್ತಿಲ ಮೇಲೆ ಕೂತು ಬೀಡಿ ಹಚ್ಚಿ, ಅದನ್ನು ಎಳೆಯುವುದನ್ನೇ ಮರೆತಿದ್ದ.

ಸಣ್ಣಕ್ಕ ಓದಿದಳು. ಏನು ಬದಲು: ವರನ ಹೆಸರು. ರಂಗಧಾಮನ ಬದಲು ಅವನ ಅಣ್ಣ ಗೋವಿಂದಪ್ಪ. ಯಾರು ಹೇಳಿದ್ದು: ಸಣ್ಣರಂಗಯ್ಯ. ಯಾಕೆ: ಕಿರಿಯವನಿಗೆ ಶಿರಾದ ಕಡೆಯಿಂದ ಒಳ್ಳೆಯ ಸಂಬಂಧ ಬಂದಿದೆ, ಹಿರಿಯವನ ಹೆಂಡತಿ ತೀರಿಕೊಂಡು ಮನೆಯಲ್ಲಿ ಬೇಯಿಸಿಹಾಕುವವರಿಲ್ಲ. ಅದರ ಕೆಳಗೆ, ಶಾಯಿ ಇನ್ನೂ ಹಸಿಹಸಿಯಾಗಿ, ಕದಿರಯ್ಯನ ರುಜು.

ಸಣ್ಣಕ್ಕ ಚೀಟಿಯನ್ನು ಹೊಸ್ತಿಲ ಕಡೆಗೆ ಚಾಚಿದಳು.

"ಇದಕ್ಕೂ ಒಪ್ಪಿಗೇನಾ?"

"ಇನ್ನೇನ್ ಮಾಡಾದವ್ವ?" ಕದಿರಯ್ಯ ಬೀದಿಯ ಕಡೆಗೇ ನೋಡುತ್ತ ಹೇಳಿದ. "ಊರಿಗೆಲ್ಲ ಗೊತ್ತಾಗ್ಬುಟ್ಟೈತೆ. ಇಂಗಿರೋವಾಗ ಬ್ಯಾಡ ಅಂದ್ರೆ ಹುಡುಗಿ ಹೆಸರೇ ಕೆಡಾದು. ಅಣ್ಣನಾದ್ರೇನು, ತಮ್ಮನಾದ್ರೇನು, ಅದೇ ಮನೆ ತಾನೆ?"

"ಕಾರ್ಡಿನಲ್ಲಿ ಮೊಳೆ ಬದಲಾಯಿಸಿದಂಗೆ ಗಂಡನ್ನೂ ಬದಲಾಯಿಸೋದಾ?"

"ಲೇ, ನೀನು ಮೊಳೆ ಜೋಡ್ಸು, ಮಾತು ಜೋಡಿಸ್ಬ್ಯಾಡ."

"ಹುಡುಗೀನ ಕೇಳಿದ್ದಾಯ್ತಾ?"

"ಅವಳ್ನೇನ್ ಕೇಳಾದು? ನನ್ ಮಾತು ಮೀರೋಳಲ್ಲ ಅವಳು." ಹಾಗೆಂದು ಕದಿರಯ್ಯ ಒಮ್ಮೆ ಅವಳ ಮುಖ ನೋಡಿದ. ಕೂಡಲೇ ತಲೆ ತಗ್ಗಿಸಿದ. "ಬುಡು, ಹಾಕವ್ವ. ಸಂಜೆ ಬಸ್ಸಿಗೆ ಕಾರ್ಡು ಹೋಗ್ಬೇಕು."

ಜಯರಾಮಯ್ಯ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ನಿನ್ನ ಕಾಯಿದೆ ಪ್ರಕಾರ ಚೀಟಿ ಸರಿಯಾಗೇ ಇದೆಯಲ್ಲಮ್ಮ," ಎಂದರು ಮೆಲ್ಲಗೆ. "ನಾನೇನು ಹೇಳಲಿ?"

ಅದೇ ಅವಳನ್ನು ಸುಟ್ಟದ್ದು. ಚೀಟಿ ಸರಿಯಾಗೇ ಇತ್ತು. ಹೇಳಿದವನ ಹೆಸರಿತ್ತು, ಕಾರಣವಿತ್ತು, ರುಜುವಿತ್ತು. ಒಬ್ಬಳ ಬಾಳು ಮಗುಚಿ ಬೀಳುವುದಕ್ಕೆ ಬೇಕಾದದ್ದೆಲ್ಲ ಕ್ರಮವಾಗಿ ಇತ್ತು. ಅಜ್ಜಿಯ ಕಥೆಯಲ್ಲಿ ಪಟ್ಟಕ್ಕೆ ರಾಜ ಸಿಗದಿದ್ದರೆ ಆನೆಯ ಸೊಂಡಿಲಿಗೆ ಹಾರ ಕೊಟ್ಟು ಬೀದಿಗೆ ಬಿಡುತ್ತಿದ್ದರು. ಆನೆ ಯಾರ ಕೊರಳಿಗೆ ಹಾಕಿತೋ ಅವನೇ ದೊರೆ. ಆನೆಯನ್ನಾದರೂ ಕೇಳುತ್ತಿದ್ದರು.

ಸಣ್ಣಕ್ಕ ಅಚ್ಚಿನ ಚೌಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡು ಕಟ್ಟು ಸಡಿಲಿಸಿದಳು. ವರನ ಸಾಲಿಗೆ ಕೈ ಹಾಕುತ್ತಾಳೆಂದು ಜಯರಾಮಯ್ಯ ನೋಡುತ್ತಿದ್ದರು. ಅವಳು ಮೊದಲು ಕಿತ್ತದ್ದು ವಧುವಿನ ಹೆಸರನ್ನು. ಒಂದೊಂದೇ ಮೊಳೆಯನ್ನು ಕೇಸಿನ ಅದರದರ ಮನೆಗೆ ಹಾಕಿದಳು. ಆಮೇಲೆ ವರ, ಆಮೇಲೆ ಮುಹೂರ್ತ, ಆಮೇಲೆ ಸುಖಾಗಮನ ಬಯಸುವ ಹಿರಿಯರೆಲ್ಲ. ಟಣ್, ಟಣ್ ಎಂದು ಸೀಸದ ಮೊಳೆಗಳು ಬೀಳುತ್ತಲೇ ಇದ್ದವು.

"ಏನ್ ಮಾಡ್ತಾ ಇದೀಯ ಸಣ್ಣಕ್ಕ?" ಜಯರಾಮಯ್ಯ ಎದ್ದು ನಿಂತರು. "ಇಡೀ ಕಾರ್ಡನ್ನೇ ಬಿಚ್ಚಿಬಿಟ್ಟೆಯಲ್ಲ! ಇದಕ್ಕೆ ಯಾರ ಒಪ್ಪಿಗೆ ಇದೆ?"

"ಮದುವೆ ಹುಡುಗಿದು," ಎನ್ನುತ್ತ ಕೈಯ ಮಸಿ ಒರೆಸಿಕೊಂಡು ಅವಳು ಹೊಸ್ತಿಲ ಬಳಿಗೆ ನಡೆದಳು. "ಏಳಪ್ಪಾ, ಮನೆಗೆ ಹೋಗಾನ. ನಾನು ಆ ಮನೆ ಸೊಸೆ ಆಗಾಕಿಲ್ಲ."